ಬದುವಿಗೂ ಬೀಳು ನೆಲಕ್ಕೂ ಸ್ಟೈಲೋ ಮೇವು: ಬೀಜದಿಂದ ಕೊಟ್ಟಿಗೆಯವರೆಗೆ

ಕಡಲೆಕಾಯಿ ಬೆಳೆದು ಬಲ್ಲವರಿಗೆ ಸ್ಟೈಲೋ ಗಿಡದ ಗುರುತು ಹಿಡಿಯುವುದು ಕಷ್ಟವಲ್ಲ. ಎರಡೂ ಹತ್ತಿರದ ದಾಯಾದಿಗಳು. ಎರಡರಲ್ಲೂ ಹಳದಿ ಬಣ್ಣದ ಪುಟ್ಟ ಹೂವು, ಎರಡರ ಬೇರಿನಲ್ಲೂ ಗಾಳಿಯ ಸಾರಜನಕವನ್ನು ಹಿಡಿದಿಡುವ ಗಂಟುಗಳು. ಕಡಲೆಕಾಯಿಯ ಒಂದು ಎಲೆಯಲ್ಲಿ ನಾಲ್ಕು ದಳಗಳಿದ್ದರೆ ಸ್ಟೈಲೋದಲ್ಲಿ ಮೂರೇ ಇರುತ್ತವೆ. ಕಡಲೆಕಾಯಿ ತನ್ನ ಕಾಯನ್ನು ಮಣ್ಣಿನೊಳಗೆ ಬಚ್ಚಿಟ್ಟರೆ ಸ್ಟೈಲೋ ನೆಲದ ಮೇಲೆಯೇ ಉದುರಿಸಿಬಿಡುತ್ತದೆ. ಈ ಕೊನೆಯ ಗುಣವನ್ನು ನೆನಪಿನಲ್ಲಿಡಬೇಕು. ಒಮ್ಮೆ ನೆಲೆಯೂರಿದ ಸ್ಟೈಲೋ ಮತ್ತೆ ಬಿತ್ತನೆಯನ್ನು ಕೇಳದಿರುವುದು ಹೀಗೆ ಉದುರುವ ಬೀಜದಿಂದಲೇ.

ಸ್ಟೈಲೋಸಾಂಥಿಸ್ ಎಂಬ ಈ ಕುಲಕ್ಕೆ ಸ್ವೀಡನ್ನಿನ ಸಸ್ಯವಿಜ್ಞಾನಿ ಒಲೊಫ್ ಸ್ವಾರ್ಟ್ಸ್ 1788ರಲ್ಲಿ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಕಂಬದ ಹೂವು. ಹೂವನ್ನು ಹೊತ್ತು ನಿಲ್ಲುವ ತೆಳುವಾದ, ಉದ್ದನೆಯ ಪುಷ್ಪಪಾತ್ರೆಯ ನಾಳವನ್ನು ನೋಡಿದರೆ ಆ ಹೆಸರು ಏಕೆ ಬಂತೆಂದು ತಿಳಿಯುತ್ತದೆ. ಕುಲದ ನಲವತ್ತಕ್ಕೂ ಹೆಚ್ಚು ಪ್ರಭೇದಗಳಲ್ಲಿ ಬಹುಪಾಲಿನ ತವರು ದಕ್ಷಿಣ ಮತ್ತು ಮಧ್ಯ ಅಮೆರಿಕ. ನಮ್ಮ ದಕ್ಷಿಣ ಭಾರತದ ಒಣ ಬಯಲುಗಳಲ್ಲಿ ತಾನಾಗಿ ಬೆಳೆಯುವ ಫ್ರೂಟಿಕೋಸಾ ಎಂಬ ಕಾಡು ಪ್ರಭೇದವೂ ಒಂದಿದೆ, ಆದರೆ ಮೇವಿಗೆಂದು ಅದನ್ನು ಯಾರೂ ಬಿತ್ತುವುದಿಲ್ಲ. ಮೇವಿನ ಬೆಳೆಯಾಗಿ ನಮ್ಮಲ್ಲಿ ಹರಡಿರುವುದು ಹೊರಗಿನಿಂದ ಬಂದ ಹಮಾಟಾ, ಸ್ಕೇಬ್ರಾ, ಸೀಬ್ರಾನಾ ಮತ್ತು ಗಯನೆನ್ಸಿಸ್ ಎಂಬ ನಾಲ್ಕು ಬಗೆಗಳು.

ನನ್ನ ಹೊಲ ಇರುವುದು ತುಮಕೂರು ಜಿಲ್ಲೆಯ ಪೂರ್ವದ ಮೆಕ್ಕಲಿಲ್ಲದ ಕೆಂಪು ನೆಲದಲ್ಲಿ. ಕೆಳಗೆ ಬರೆದಿರುವುದರಲ್ಲಿ ಅಳತೆಗಳು ಕೃಷಿ ವಿಶ್ವವಿದ್ಯಾಲಯಗಳು ಶಿಫಾರಸು ಮಾಡುವಂಥವು. ಎಚ್ಚರಿಕೆಯ ಮಾತುಗಳಲ್ಲಿ ಹೆಚ್ಚಿನವು ನಾನು ಕೈಸುಟ್ಟುಕೊಂಡು ಕಲಿತವು.

ಹಂತ 1: ನೆಲಕ್ಕೆ ತಕ್ಕ ಬಗೆಯನ್ನು ಆರಿಸುವುದು

ಬೀಜ ಮಾರುವವರು ಬರೀ ‘ಸ್ಟೈಲೋ’ ಎಂದು ಹೇಳಿ ಚೀಲ ಕೊಡುತ್ತಾರೆ. ಅಲ್ಲಿಗೇ ಬಿಡದೆ ಯಾವ ಸ್ಟೈಲೋ ಎಂದು ಕೇಳಿ ತಿಳಿಯಬೇಕು, ಏಕೆಂದರೆ ತಪ್ಪು ಬಗೆಯನ್ನು ಆರಿಸಿದರೆ ಮುಂದಿನ ಯಾವ ಹಂತವೂ ಅದನ್ನು ಸರಿಪಡಿಸಲಾರದು.

ಹಮಾಟಾ ಮೊಣಕಾಲೆತ್ತರಕ್ಕೆ ಹರಡಿ ಬೆಳೆಯುವ, ಎರಡು ಮೂರು ವರ್ಷ ಬಾಳುವ ಗಿಡ. ಕೆಂಪು ಮಣ್ಣು, ಮರಳು ಮಿಶ್ರಿತ ಮಣ್ಣು, ಗರಸು ನೆಲಗಳಲ್ಲಿ ವರ್ಷಕ್ಕೆ 500ರಿಂದ 900 ಮಿಲಿಮೀಟರ್ ಮಳೆಯಾಗುವ ಕಡೆ ಇದು ಚೆನ್ನಾಗಿ ಬರುತ್ತದೆ. ಕುರಿ ಮೇಕೆಗಳು ತಗ್ಗಾಗಿ ಮೇಯ್ದರೂ ಸಹಿಸಿಕೊಳ್ಳುತ್ತದೆ. ತುಮಕೂರು, ಚಿತ್ರದುರ್ಗ, ಕೋಲಾರದ ಕಡೆಯ ಬದುಗಳಿಗೆ ನನ್ನ ಮೊದಲ ಆಯ್ಕೆ ಇದೇ. ಹಮಾಟಾ ಎಂದರೆ ಕೊಕ್ಕೆಯುಳ್ಳದ್ದು ಎಂದರ್ಥ. ಕಾಯಿಯ ತುದಿಯಲ್ಲಿ ಬಾಗಿದ ಸಣ್ಣ ಕೊಕ್ಕೆ ಇರುತ್ತದೆ. ಬೀಜವನ್ನು ಅಂಗೈಯಲ್ಲಿ ಹಾಕಿ ಬಿಸಿಲಿಗೆ ಹಿಡಿದರೆ ಕಣ್ಣಿಗೆ ಕಾಣುತ್ತದೆ. ಇಲ್ಲವಾದರೆ ಪಂಚೆಯ ಮೇಲೆ ಒಂದಿಷ್ಟು ಉದುರಿಸಿ ಕೊಡವಿದರೆ ಸಾಕು, ಕೊಕ್ಕೆಯಿರುವವು ನೂಲಿಗೆ ಅಂಟಿಕೊಂಡು ಉಳಿಯುತ್ತವೆ. ಒಂದೊಂದು ಕಾಯಿಯೂ ಎರಡು ತುಂಡುಗಳ ಜೋಡಣೆಯಾಗಿದ್ದು, ಮೇಲಿನ ತುಂಡಿಗೆ ಮಾತ್ರ ಕೊಕ್ಕೆ ಇರುತ್ತದೆ, ಆದ್ದರಿಂದ ಚೀಲದಲ್ಲಿ ಕೊಕ್ಕೆಯಿಲ್ಲದ ತುಂಡುಗಳನ್ನು ಕಂಡು ಕಲಬೆರಕೆಯೆಂದು ಗಾಬರಿಪಡಬೇಕಾಗಿಲ್ಲ.

ಸ್ಕೇಬ್ರಾ ಪೊದೆಯಾಗಿ ಮೂರು ನಾಲ್ಕು ಅಡಿ ಎತ್ತರಕ್ಕೆ ಏಳುತ್ತದೆ. ಬೇರು ಬಹಳ ಆಳಕ್ಕೆ ಇಳಿಯುವುದರಿಂದ ಬೇಸಿಗೆಯಲ್ಲಿ ಸುತ್ತಲಿನ ಹುಲ್ಲೆಲ್ಲ ಒಣಗಿ ನಿಂತಾಗಲೂ ಇದರ ಮೈಯಲ್ಲಿ ಹಸಿರು ಉಳಿದಿರುತ್ತದೆ. ಹಮಾಟಾಗಿಂತ ಹೆಚ್ಚು ಕಾಲ ಬಾಳುತ್ತದೆ, ಕೊಯ್ದು ಹಾಕುವುದಕ್ಕೆ ಇದೇ ಅನುಕೂಲ. ಎಲೆ ಕಾಂಡಗಳ ಮೇಲೆ ಅಂಟಂಟಾದ ರೋಮಗಳಿದ್ದು ದನಗಳು ಮೊದಮೊದಲು ಮೂತಿ ತಿರುಗಿಸುತ್ತವೆ. ಅದೇ ಅಂಟಿನಿಂದ ಒಂದು ಉಪಕಾರವೂ ಇದೆ. ಹುಲ್ಲಿನ ತುದಿಗೆ ಹತ್ತಿ ದನದ ಮೈಗಾಗಿ ಕಾಯುವ ಉಣುಗಿನ ಮರಿಗಳು ಈ ಗಿಡವನ್ನು ಹತ್ತಿದರೆ ಅಲ್ಲೇ ಸಿಕ್ಕಿಬಿದ್ದು ಸಾಯುತ್ತವೆ ಎಂಬುದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 1982ರಲ್ಲಿ ತೋರಿಸಿದರು. ಹಾಗೆಂದು ಉಣುಗಿನ ಔಷಧಿಯನ್ನು ಬಿಟ್ಟು ಇದನ್ನೇ ನಂಬಿ ಕೂರುವುದು ಬೇಡ.

ಉತ್ತರ ಕರ್ನಾಟಕದ ಎರೆ ನೆಲದವರು ಮೇಲಿನ ಎರಡನ್ನೂ ನೆಚ್ಚಿಕೊಳ್ಳಬಾರದು, ಜಿಗುಟು ಮಣ್ಣಿನಲ್ಲಿ ಅವು ಸೊರಗುತ್ತವೆ. ಬ್ರೆಜಿಲ್ ಮೂಲದ ಸೀಬ್ರಾನಾ ಅಂಥ ಭಾರವಾದ ಮಣ್ಣಿಗೂ ಒಗ್ಗುತ್ತದೆ. ಗಯನೆನ್ಸಿಸ್‌ಗೆ ಸಾವಿರ ಮಿಲಿಮೀಟರಿಗೂ ಮೀರಿದ ಮಳೆ ಬೇಕು, ಹುಳಿ ಮಣ್ಣನ್ನು ಚೆನ್ನಾಗಿ ಸಹಿಸುತ್ತದೆ. ಮಲೆನಾಡು, ಕರಾವಳಿಯ ಎಳೆಯ ತೆಂಗಿನ ತೋಟಗಳಿಗೆ ಅದು ಸರಿ. ದಟ್ಟ ನೆರಳಿನ ಅಡಿಕೆ ತೋಟದಲ್ಲಿ ಯಾವ ಸ್ಟೈಲೋವೂ ಏಳುವುದಿಲ್ಲ. ಗದ್ದೆಯ ಬದುವಿನಂತೆ ನೀರು ನಿಲ್ಲುವ ಕಡೆಯೂ ಹಮಾಟಾ, ಸ್ಕೇಬ್ರಾಗಳ ಬೇರು ಕೊಳೆಯುತ್ತದೆ.

ಎಲ್ಲಿ ಬಿತ್ತಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸ್ಟೈಲೋ ಹೊರಗಿನಿಂದ ಬಂದ ಗಿಡ, ತಾನಾಗಿ ಹರಡುವ ಗಿಡ. ಮಧುಗಿರಿ ತಾಲ್ಲೂಕಿನ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶದಂಥ, ಅಥವಾ ರಾಣೆಬೆನ್ನೂರಿನ ಅಭಯಾರಣ್ಯದ ಅಂಚಿನಂಥ ಕಡೆ ಮೂಲದ ಹುಲ್ಲುಗಾವಲು ಇನ್ನೂ ಉಸಿರಾಡುತ್ತಿದೆ. ಅಲ್ಲಿಗೆ ಈ ಬೀಜವನ್ನು ಒಯ್ದು ಎರಚುವುದು ತಪ್ಪೆಂದೇ ನನ್ನ ಅಭಿಪ್ರಾಯ. ಬದು, ಬೀಳು ಬಿಟ್ಟ ಹೊಲ, ಸವೆದು ಗರಸೆದ್ದ ಗೋಮಾಳ, ಮಾವು ಹುಣಸೆಯ ಸಾಲುಗಳ ನಡುವಿನ ಜಾಗ, ಇವು ಸ್ಟೈಲೋದ ನೆಲೆಗಳು.

ಹಂತ 2: ಬೀಜವನ್ನು ಕೊಳ್ಳುವಾಗ ನೋಡಬೇಕಾದ್ದು

ನಮ್ಮ ದೇಶದಲ್ಲಿ ಮಾರಾಟವಾಗುವ ಹಮಾಟಾ ಬೀಜದಲ್ಲಿ ದೊಡ್ಡ ಪಾಲು ನಮ್ಮ ಗಡಿಗೆ ಅಂಟಿಕೊಂಡಿರುವ ಅನಂತಪುರ ಜಿಲ್ಲೆಯ ರೈತರು ಬೆಳೆದದ್ದು. ಕಡಲೆಕಾಯಿ ಬೆಳೆಯುವ ಆ ಕೆಂಪು ನೆಲದಲ್ಲಿ ಅವರು ಸ್ಟೈಲೋವನ್ನು ಬೀಜಕ್ಕೆಂದೇ ಬೆಳೆದು, ಉದುರಿದ ಬೀಜವನ್ನು ನೆಲದಿಂದ ಗುಡಿಸಿ ತೆಗೆಯುತ್ತಾರೆ. ಹೀಗೆ ಗುಡಿಸಿ ತೆಗೆದ ಬೀಜದಲ್ಲಿ ಮಣ್ಣು, ಗರಸು ಸೇರಿರುವುದು ಸಹಜ. ಒಂದು ಹಿಡಿ ಬೀಜವನ್ನು ಲೋಟದ ನೀರಿಗೆ ಹಾಕಿ ಕದಡಿದರೆ ನಾವು ಎಷ್ಟು ದುಡ್ಡನ್ನು ಮಣ್ಣಿಗೆ ಕೊಡುತ್ತಿದ್ದೇವೆ ಎಂಬುದು ಲೋಟದ ತಳದಲ್ಲಿ ಕಾಣುತ್ತದೆ. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ವಲಯ ಕೇಂದ್ರವಿದೆ. ಬಗೆಯ ವಿಷಯದಲ್ಲಿ ಅನುಮಾನವಿದ್ದವರು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಬೀಜ ಸಿಪ್ಪೆಸಹಿತವೋ ಸಿಪ್ಪೆ ಸುಲಿದದ್ದೋ ಎಂದೂ ಕೇಳಬೇಕು. ಸುಲಿದದ್ದಾದರೆ ಒಂದು ಕಿಲೋದಲ್ಲಿ ನಾಲ್ಕು ಲಕ್ಷದ ಆಸುಪಾಸು ಬೀಜಗಳಿರುತ್ತವೆ. ಸಿಪ್ಪೆಸಹಿತವಾದರೆ ಅದೇ ಕಿಲೋದಲ್ಲಿ ಬೀಜದ ಎಣಿಕೆ ಬಹಳ ಕಡಿಮೆಯಾಗುವುದರಿಂದ ಬಿತ್ತನೆಯ ಪ್ರಮಾಣವನ್ನು ಒಂದೂವರೆ ಪಟ್ಟು ಹಿಡಿಯಬೇಕಾಗುತ್ತದೆ.

ಹಂತ 3: ಬೀಜದ ನಿದ್ದೆ ಬಿಡಿಸುವುದು

ಸ್ಟೈಲೋ ವಿಫಲವಾಯಿತು ಎನ್ನುವ ಹತ್ತು ಮಂದಿಯಲ್ಲಿ ಹೆಚ್ಚಿನವರು ಎಡವಿರುವುದು ಇಲ್ಲಿಯೇ, ಆದ್ದರಿಂದ ಈ ಹಂತವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನು ಮೊದಲ ಬಾರಿ ಬಿತ್ತಿದಾಗ ಬೀಜ ಕೊಟ್ಟ ವ್ಯಾಪಾರಿ ರಾಗಿಯಂತೆ ಎರಚಿಬಿಡಿ ಎಂದಿದ್ದರು. ಎರಚಿದೆ. ಪುನರ್ವಸು ಮಳೆ ಚೆನ್ನಾಗಿಯೇ ಆಯಿತು, ತಿಂಗಳಾದರೂ ಬದುವಿನಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ ಬಿಟ್ಟರೆ ಬೇರೇನೂ ಏಳಲಿಲ್ಲ. ಬೀಜ ಜೊಳ್ಳೆಂದು ಬೈದುಕೊಂಡು ಸುಮ್ಮನಾದೆ. ಮರುವರ್ಷ ಅದೇ ಬದುವಿನಲ್ಲಿ, ನಾನು ಕೈಯಿಡದೆಯೇ, ಸಸಿಗಳು ದಟ್ಟವಾಗಿ ಎದ್ದವು. ಬೀಜ ಜೊಳ್ಳಾಗಿರಲಿಲ್ಲ, ಮಲಗಿತ್ತು ಅಷ್ಟೆ. ಒಂದು ಬೇಸಿಗೆಯ ಬಿಸಿಲು ಅದರ ಸಿಪ್ಪೆಯನ್ನು ಸೀಳಿ ಎಬ್ಬಿಸಿತ್ತು.

ಸ್ಟೈಲೋ ಬೀಜದ ಹೊರಕವಚ ನೀರನ್ನು ಒಳಗೆ ಬಿಡದಷ್ಟು ಗಟ್ಟಿ. ಕಾಡಿನ ಗಿಡಕ್ಕೆ ಇದು ಬಾಳುವ ಉಪಾಯ. ಅಕಾಲದಲ್ಲಿ ಬಿದ್ದ ಒಂದು ಮಳೆಗೆ ಬೀಜವೆಲ್ಲ ಮೊಳೆತು ಸತ್ತುಹೋಗದಂತೆ ಅದು ಕಾಪಾಡುತ್ತದೆ. ನಮಗೆ ಮಾತ್ರ ಒಟ್ಟಿಗೇ ಮೊಳೆಯಬೇಕು. ಅದಕ್ಕೆ ಸುಲಭವಾದ ದಾರಿ ಬಿಸಿನೀರು.

ನೀರಿನ ಬಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಲೆಕ್ಕವಿದೆ: ಮರಳುತ್ತಿರುವ ನೀರು ಮೂರು ಪಾಲು, ಕೊಡದ ತಣ್ಣೀರು ಒಂದು ಪಾಲು. ನಮ್ಮ ಬಯಲುಸೀಮೆ ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ನೀರು 97, 98 ಡಿಗ್ರಿಯಲ್ಲೇ ಕುದಿಯುತ್ತದೆ. ಅದನ್ನು 25 ಡಿಗ್ರಿಯ ತಣ್ಣೀರಿನೊಂದಿಗೆ ಈ ಅಳತೆಯಲ್ಲಿ ಬೆರೆಸಿದರೆ 80ರ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಒಲೆಯಿಂದ ಇಳಿಸಿದ ಪಾತ್ರೆಯಲ್ಲೇ ತಣ್ಣೀರನ್ನು ಬೆರೆಸಬೇಕು, ಬೇರೆ ತಣ್ಣನೆಯ ಪಾತ್ರೆಗೆ ಸುರಿದರೆ ಆ ಪಾತ್ರೆಯೇ ಬಿಸಿಯನ್ನು ಹೀರಿಬಿಡುತ್ತದೆ. ಒಂದು ಕಿಲೋ ಬೀಜಕ್ಕೆ ಏಳೆಂಟು ಲೀಟರ್ ನೀರಾದರೂ ಇರಲಿ.

ಬೀಜವನ್ನು ತೆಳು ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ಬಿಸಿನೀರಿಗೆ ಇಳಿಸಿ, ಕೋಲಿನಿಂದ ಗಂಟನ್ನು ಮೆಲ್ಲಗೆ ಅಲ್ಲಾಡಿಸುತ್ತ ನಾಲ್ಕು ನಿಮಿಷ ಎಣಿಸಬೇಕು. ಗಡಿಯಾರ ನೋಡಿಯೇ ಎಣಿಸಬೇಕು, ಅಂದಾಜು ಬೇಡ, ಏಕೆಂದರೆ ಹತ್ತು ನಿಮಿಷ ಬಿಟ್ಟರೆ ಬೀಜ ಬೇಯುತ್ತದೆ. ಕೂಡಲೇ ತೆಗೆದು ತಣ್ಣೀರಿಗೆ ಅದ್ದಿ, ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ನೆರಳಿನಲ್ಲಿ ಗೋಣಿಯ ಮೇಲೆ ಹರಡಿದರೆ ಕೆಲಸ ಮುಗಿಯಿತು. ಬೆಳಿಗ್ಗೆ ಗಂಟು ಬಿಚ್ಚಿದಾಗಲೇ ಫಲಿತಾಂಶ ಕಾಣುತ್ತದೆ. ನೀರು ಕುಡಿದ ಬೀಜ ಉಬ್ಬಿ, ಉಗುರಿನಲ್ಲಿ ಒತ್ತಿದರೆ ಮೆದುವಾಗಿ ಜಾರುತ್ತದೆ, ಕುಡಿಯದ್ದು ಸಾಸಿವೆಯಂತೆ ಕಲ್ಲಾಗಿಯೇ ಇರುತ್ತದೆ. ಸಿಪ್ಪೆಸಹಿತದ ಬೀಜದಲ್ಲಿ ಈ ಗುರುತು ಅಷ್ಟು ಸ್ಪಷ್ಟವಾಗಿರುವುದಿಲ್ಲ, ಒಂದೆರಡನ್ನು ಬಿಡಿಸಿ ನೋಡಬೇಕು.

ಎಲ್ಲ ಬೀಜಕ್ಕೂ ಈ ಉಪಚಾರ ಮಾಡುವ ಮೊದಲು ನೂರು ಬೀಜವನ್ನು ಎಣಿಸಿ, ಉಪಚರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ವಾರದ ನಂತರ ಮೊಳಕೆಗಳನ್ನು ಲೆಕ್ಕ ಹಾಕುವುದು ಒಳ್ಳೆಯದು. ಐವತ್ತಕ್ಕಿಂತ ಕಡಿಮೆ ಬಂದರೆ ಬಿತ್ತನೆಯ ಪ್ರಮಾಣವನ್ನು ಏರಿಸಬೇಕು. ಗಂಧಕಾಮ್ಲದಲ್ಲಿ ಅದ್ದುವ ವಿಧಾನವೂ ಇದೆ, ಆದರೆ ಅದು ಪ್ರಯೋಗಾಲಯದ ಕೆಲಸ, ಮನೆಯಂಗಳದಲ್ಲಿ ಬೇಡ. ಮಳೆಯಾಶ್ರಿತ ನೆಲದಲ್ಲಿ ನಾನು ಪಾಲಿಸುವ ಇನ್ನೊಂದು ರೂಢಿಯನ್ನೂ ಹೇಳುತ್ತೇನೆ: ನಾಲ್ಕರಲ್ಲಿ ಒಂದು ಪಾಲು ಬೀಜವನ್ನು ಉಪಚರಿಸದೆ ಹಾಗೆಯೇ ಬೆರೆಸುತ್ತೇನೆ. ಬಿತ್ತಿದ ಮೇಲೆ ಮಳೆ ಕೈಕೊಟ್ಟು ಎದ್ದ ಸಸಿಗಳೆಲ್ಲ ಒಣಗಿದರೂ ಮಣ್ಣಿನಲ್ಲಿ ಮಲಗಿರುವ ಆ ಪಾಲು ಮರುವರ್ಷಕ್ಕೆ ಉಳಿದಿರುತ್ತದೆ.

ಬೇರಿನ ಗಂಟುಗಳಲ್ಲಿದ್ದು ಸಾರಜನಕ ಹಿಡಿಯುವ ರೈಜೋಬಿಯಂ ಜೀವಾಣುವನ್ನು ಲೇಪಿಸುವುದಾದರೆ ಬೀಜ ಪೂರ್ತಿ ತಣ್ಣಗಾದ ಮೇಲೆ, ಅಲಸಂದೆಗೆ ಬಳಸುವ ಬಗೆಯದನ್ನೇ ಬೆಲ್ಲದ ಅಂಟುಪಾಕದಲ್ಲಿ ಕಲಸಿ ಹಚ್ಚಿ ನೆರಳಲ್ಲಿ ಆರಿಸಬೇಕು. ಹಮಾಟಾ, ಸ್ಕೇಬ್ರಾಗಳು ನೆಲದಲ್ಲಿ ಆಗಲೇ ಇರುವ ಜೀವಾಣುಗಳೊಂದಿಗೂ ಸುಲಭವಾಗಿ ಹೊಂದಿಕೊಳ್ಳುವುದರಿಂದ ಲೇಪನ ತಪ್ಪಿದರೂ ದೊಡ್ಡ ನಷ್ಟವಿಲ್ಲ. ಸೀಬ್ರಾನಾಗೆ ಮಾತ್ರ ತನ್ನದೇ ಆದ ತಳಿಯ ಜೀವಾಣು ಬೇಕು. ಅದನ್ನು ಬೀಜದ ಜೊತೆಯಲ್ಲೇ ಕೇಳಿ ತರಬೇಕು.

ಹಂತ 4: ನೆಲ ಹದ ಮಾಡಿ ಬಿತ್ತುವುದು

ಬೀಜ ಸಣ್ಣದು, ಅದರೊಳಗಿನ ಬುತ್ತಿಯೂ ಸಣ್ಣದು. ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಬಿದ್ದರೆ ಮೊಳಕೆ ಮೇಲಕ್ಕೆ ಬರುವಷ್ಟರಲ್ಲಿ ಬಸವಳಿಯುತ್ತದೆ. ಆದ್ದರಿಂದ ನೇಗಿಲ ಸಾಲಿಗೆ ಬೀಜ ಬಿಡುವುದು, ಬಿತ್ತಿದ ಮೇಲೆ ಹಲುಬೆಯಿಂದ ಮಣ್ಣೆಳೆಯುವುದು ಎರಡೂ ಕೂಡದು.

ಹೊಲದಲ್ಲಾದರೆ ಎರಡು ಸಲ ಉತ್ತು ಹೆಂಟೆ ಒಡೆದು, ಎಕರೆಗೆ ನಾಲ್ಕು ಟನ್ ಕೊಟ್ಟಿಗೆ ಗೊಬ್ಬರ ಸೇರಿಸಿ ಮಟ್ಟಮಾಡಬೇಕು. ಹೆಕ್ಟೇರಿಗೆ 20 ಕಿಲೋ ಸಾರಜನಕ, 60 ಕಿಲೋ ರಂಜಕ, 15 ಕಿಲೋ ಪೊಟ್ಯಾಷ್ ಎಂಬುದು ಶಿಫಾರಸು. ಎಕರೆಯ ಲೆಕ್ಕದಲ್ಲಿ ಅದು 17 ಕಿಲೋ ಯೂರಿಯಾ, ಮೂರು ಮೂಟೆ ಸಿಂಗಲ್ ಸೂಪರ್ ಫಾಸ್ಫೇಟ್, 10 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಆಗುತ್ತದೆ. ಕೈಯಲ್ಲಿ ಹಣ ಕಡಿಮೆಯಿದ್ದರೆ ಯೂರಿಯಾವನ್ನು ಬಿಡಬಹುದು, ಸೂಪರ್ ಫಾಸ್ಫೇಟನ್ನು ಬಿಡಬಾರದು. ಸ್ಟೈಲೋ ರಂಜಕ ಕಡಿಮೆಯಿರುವ ನೆಲದಲ್ಲೂ ಬದುಕುತ್ತದೆ ಎಂಬುದು ನಿಜವೇ. ಆದರೆ ಬದುಕುವುದು ಬೇರೆ, ಮೇವು ಕೊಡುವುದು ಬೇರೆ. ಆ ಗೊಬ್ಬರದಲ್ಲಿರುವ ಗಂಧಕವೂ ದ್ವಿದಳ ಗಿಡಕ್ಕೆ ಬೇಕಾದದ್ದೇ.

ಸಾಲಿಗೆ ಬಿತ್ತುವುದಾದರೆ ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರ್ ಅಂತರದಲ್ಲಿ ಎಕರೆಗೆ ಎರಡೂವರೆ ಕಿಲೋ, ಎರಚುವುದಾದರೆ ನಾಲ್ಕು ಕಿಲೋ ಬೀಜ ಬೇಕು. ಬದುವಿನ ಲೆಕ್ಕ ಇನ್ನೂ ಸರಳ. ಒಂದು ಮೀಟರ್ ಅಗಲ, ನೂರು ಮೀಟರ್ ಉದ್ದದ ಬದುವಿಗೆ ನೂರು ಗ್ರಾಂ ಸಾಕು. ಬೀಜಕ್ಕೆ ಐದು ಪಟ್ಟು ಒಣ ಮರಳು ಬೆರೆಸಿದರೆ ಕೈಯಲ್ಲಿ ಸಮವಾಗಿ ಉದುರುತ್ತದೆ. ಬದುವಿನ ನೆತ್ತಿಯನ್ನು ಗುದ್ದಲಿಯಿಂದ ಒಂದಿಂಚು ಕೆರೆದು, ಬೀಜ ಉದುರಿಸಿ, ಬಾರೆ ಅಥವಾ ತಂಗಡಿಯ ಕೊಂಬೆಯೊಂದನ್ನು ಹಗುರವಾಗಿ ಎಳೆದುಕೊಂಡು ಹೋದರೆ ಬೇಕಾದಷ್ಟೇ ಮಣ್ಣು ಮುಚ್ಚುತ್ತದೆ.

ಬಿತ್ತುವ ಕಾಲ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಆರಿದ್ರಾ, ಪುನರ್ವಸು ಮಳೆಗಳು ಖಚಿತವಾಗಿ ಬರುವ ಕಡೆ ಆಗಲೇ ಬಿತ್ತುವುದು ಮೇಲು, ಬೇರು ಇಳಿಸಲು ಹೆಚ್ಚು ದಿನ ಸಿಗುತ್ತದೆ. ಪಾವಗಡ, ಚಳ್ಳಕೆರೆಗಳಂತೆ ಮುಂಗಾರು ಬರೀ ಗಾಳಿಯಾಗಿ ಹೋಗಿ, ಉತ್ತರೆ ಹಸ್ತದಲ್ಲಿ ನಿಜವಾದ ಮಳೆ ಬೀಳುವ ಸೀಮೆಯಲ್ಲಿ ಹುಬ್ಬೆಯವರೆಗೆ ಕಾಯುವುದು ಜಾಣತನ. ಮಳೆಗೆ ಮುಂಚೆ ಒಣನೆಲಕ್ಕೆ ಎರಚಿದರೆ ಇರುವೆಗಳು ಬೀಜವನ್ನು ಸಾಲುಗಟ್ಟಿ ಹೊತ್ತೊಯ್ಯುತ್ತವೆ. ಹದವಾದ ಮಳೆಯ ಮರುದಿನ, ಮಣ್ಣು ಕಾಲಿಗೆ ಅಂಟದಷ್ಟು ಆರಿದಾಗ ಬಿತ್ತಬೇಕು.

ಹಂತ 5: ಮೊದಲ ನೂರು ದಿನ

ಐದಾರು ದಿನದಲ್ಲಿ ಮೊಳಕೆ ಕಾಣುತ್ತದೆ. ಅಲ್ಲಿಂದ ಮುಂದೆ ತಿಂಗಳಿಡೀ ಏನೂ ಆಗುತ್ತಿಲ್ಲವೆನಿಸುತ್ತದೆ. ಆ ದಿನಗಳಲ್ಲಿ ಒಂದು ಸಸಿಯನ್ನು ಹುಷಾರಾಗಿ ಮಣ್ಣುಸಹಿತ ಎತ್ತಿ ನೀರಿನಲ್ಲಿ ತೊಳೆದು ನೋಡಬೇಕು. ಮೇಲೆ ಎರಡು ಬೆರಳಿನಷ್ಟು ಗಿಡವಿದ್ದರೆ ಕೆಳಗೆ ಗೇಣುದ್ದದ ಬೇರಿರುತ್ತದೆ, ಬೇರಿನಲ್ಲಿ ಗುಂಡುಸೂಜಿಯ ತಲೆಯಷ್ಟು ಗಂಟುಗಳು ಮೂಡಿರುತ್ತವೆ. ಗಂಟನ್ನು ಉಗುರಿನಲ್ಲಿ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಸಾರಜನಕದ ಕೆಲಸ ಶುರುವಾಗಿದೆ ಎಂದರ್ಥ. ಬಿಳಿ ಅಥವಾ ಹಸಿರಾಗಿದ್ದರೆ ಆ ಕೆಲಸ ನಡೆಯುತ್ತಿಲ್ಲ.

ಈ ಅವಧಿಯ ಮುಖ್ಯ ಶತ್ರು ಕಳೆ. ಮೂರನೆಯ ವಾರಕ್ಕೊಮ್ಮೆ, ಆರನೆಯ ವಾರಕ್ಕೊಮ್ಮೆ ಕೈಗಳೆ ತೆಗೆಯಲೇಬೇಕು. ಪಾರ್ಥೇನಿಯಂ ಇರುವ ಕಡೆ ಅದು ಹೂಬಿಡುವ ಮುನ್ನ ಕಿತ್ತುಹಾಕಬೇಕು. ಕಳೆ ಕೀಳುವವರಿಗೆ ಸಸಿಯನ್ನು ಮೊದಲೇ ತೋರಿಸಿಕೊಡುವುದು ಅಗತ್ಯ. ಮೂರು ದಳದ ಎಲೆ ಕಂಡು ಹುಳಿಸೊಪ್ಪಿನ ಜಾತಿಯ ಕಳೆಯೆಂದುಕೊಂಡು ಅರ್ಧ ಬದುವನ್ನೇ ಹಸನು ಮಾಡಿಬಿಟ್ಟ ಪ್ರಸಂಗ ನಮ್ಮಲ್ಲೇ ನಡೆದಿದೆ.

ಮೊದಲ ನೂರು ದಿನ ದನ ಕುರಿಗಳನ್ನು ಬಿಡಬಾರದು. ಎಳೆಯ ಸಸಿ ಮೇಯಿಸಿಕೊಂಡು ಸಾಯುವುದಕ್ಕಿಂತ ಗೊರಸಿಗೆ ಸಿಕ್ಕಿ ಕಿತ್ತುಬರುವುದೇ ಹೆಚ್ಚು. ಗೋಮಾಳದಲ್ಲಿ ಬಿತ್ತುವ ಸಂಘಗಳು ಸೋಲುವುದು ಸಾಮಾನ್ಯವಾಗಿ ಬೀಜದಿಂದಲ್ಲ, ಈ ನೂರು ದಿನ ಮಂದೆಯನ್ನು ಯಾರು ತಡೆಯಬೇಕು ಎಂಬ ಪ್ರಶ್ನೆ ಬಗೆಹರಿಯದೆ. ಇಡೀ ಗೋಮಾಳವನ್ನು ಒಮ್ಮೆಗೇ ಮುಚ್ಚುವುದಕ್ಕೆ ಯಾವ ಊರಿನ ಕುರಿಗಾಹಿಯೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ನಾಲ್ಕರಲ್ಲೊಂದು ಭಾಗವನ್ನು ಮುಳ್ಳುಬೇಲಿಯಿಂದ ಮುಚ್ಚಿ, ವರ್ಷಕ್ಕೊಂದು ಭಾಗದಂತೆ ಸರದಿ ಹಾಕಿದರೆ ನಾಲ್ಕು ವರ್ಷದಲ್ಲಿ ಕೆಲಸ ಮುಗಿಯುತ್ತದೆ.

ಹಂತ 6: ಹುಲ್ಲಿನ ಜೊತೆ ಹೊಂದಾಣಿಕೆ

ಸ್ಟೈಲೋವನ್ನು ಒಂಟಿಯಾಗಿ ಬೆಳೆಯುವುದು ದೀರ್ಘಕಾಲಕ್ಕೆ ಒಳ್ಳೆಯದಲ್ಲ. ಉತ್ತರ ಆಸ್ಟ್ರೇಲಿಯಾದಲ್ಲಿ ವರ್ಷಗಟ್ಟಲೆ ಸ್ಟೈಲೋವೇ ಮೇಲುಗೈಯಾದ ಹಗುರ ಮಣ್ಣಿನ ಗೋಮಾಳಗಳಲ್ಲಿ ಮಣ್ಣು ಹುಳಿಯೇರಿದ್ದು ಕಂಡುಬಂದಿದೆ. ಅದು ಹಿಡಿದಿಟ್ಟ ಸಾರಜನಕವನ್ನು ಬಳಸಿಕೊಳ್ಳಲು ಪಕ್ಕದಲ್ಲಿ ಹುಲ್ಲಿರಬೇಕು. ಒಣ ಸೀಮೆಗೆ ಅಂಜನ್ ಹುಲ್ಲು, ಮಳೆ ಹೆಚ್ಚಿರುವ ಕಡೆ ಗಿನಿ ಹುಲ್ಲು ಜೊತೆಯಾಗುತ್ತವೆ. ಊರಿನ ಮೂಲದ ಕರಡ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ಹುಲ್ಲು ಹಾಕುವುದಾದರೆ ಸ್ಟೈಲೋ ಬಿತ್ತಿ ಒಂದೂವರೆ ತಿಂಗಳಾದ ಮೇಲೆ, ಎರಡು ಸಾಲು ಸ್ಟೈಲೋಗೆ ಒಂದು ಸಾಲು ಹುಲ್ಲಿನಂತೆ ಹಾಕಬೇಕು. ಒಟ್ಟಿಗೇ ಹಾಕಿದರೆ ಹುಲ್ಲು ಮೇಲೆದ್ದು ಸ್ಟೈಲೋವನ್ನು ನೆರಳಿನಲ್ಲಿ ಕೂಡಿಹಾಕುತ್ತದೆ.

ಎರಡನೆಯ ವರ್ಷದಿಂದ ಈ ಹೊಂದಾಣಿಕೆಯನ್ನು ದನಗಳೇ ನೋಡಿಕೊಳ್ಳುತ್ತವೆ. ಮಳೆಗಾಲದ ಆರಂಭದಲ್ಲಿ ಹುಲ್ಲು ಎಳೆಯದಾಗಿ ಸಿಹಿಯಾಗಿರುವಾಗ ದನಗಳು ಸ್ಟೈಲೋವನ್ನು ಬಿಟ್ಟು ಹುಲ್ಲನ್ನೇ ಆರಿಸಿ ಮೇಯುತ್ತವೆ. ಸ್ಟೈಲೋಗೆ ಬೆಳಕು ಸಿಕ್ಕಿ ಅದು ಬೆಳೆಯುತ್ತದೆ. ಹುಲ್ಲು ಬಲಿತು ಒರಟಾದ ಮೇಲೆ, ಅಕ್ಟೋಬರ್ ಹೊತ್ತಿಗೆ, ಅದೇ ದನಗಳು ಸ್ಟೈಲೋಗೆ ಬಾಯಿ ಹಾಕತೊಡಗುತ್ತವೆ. ಇದನ್ನು ತಿಳಿಯದವರು ಜುಲೈನಲ್ಲಿ ದನ ಬಿಟ್ಟು, ಅವು ಮೂಸಿ ನೋಡಿ ಮುಂದೆ ಹೋದದ್ದನ್ನು ಕಂಡು, ಈ ಗಿಡ ಪ್ರಯೋಜನವಿಲ್ಲವೆಂದು ಉತ್ತುಹಾಕಿದ್ದುಂಟು.

ಹಂತ 7: ಕೊಯ್ಲು ಮತ್ತು ಮೇಯಿಸುವಿಕೆ

ಬಿತ್ತಿದ 75ನೆಯ ದಿನದ ಸುಮಾರಿಗೆ, ಹೂ ಮೂಡುವಾಗ ಮೊದಲ ಕೊಯ್ಲಿಗೆ ಬರುತ್ತದೆ. ಮಳೆ ಕಡಿಮೆಯಾದ ವರ್ಷ ಆ ಕೊಯ್ಲನ್ನು ಬಿಟ್ಟುಬಿಡುವುದೇ ಲೇಸು. ಹಮಾಟಾವನ್ನು ನೆಲದಿಂದ ಅರ್ಧ ಗೇಣು ಬಿಟ್ಟು, ಸ್ಕೇಬ್ರಾ, ಗಯನೆನ್ಸಿಸ್‌ಗಳನ್ನು ಒಂದು ಗೇಣು ಬಿಟ್ಟು ಕೊಯ್ಯಬೇಕು. ಬುಡಕ್ಕೇ ಕುಡುಗೋಲು ಹಾಕಿದರೆ ಚಿಗುರಲು ಕಣ್ಣುಗಳೇ ಉಳಿಯುವುದಿಲ್ಲ. ಕುಡುಗೋಲಿನ ಕೆಳಗೆ ಒಂದಿಷ್ಟು ಹಸಿರೆಲೆ ಉಳಿದಿರಲೇಬೇಕು.

ಮೊದಲ ವರ್ಷದ ಇಳುವರಿ ನೋಡಿ ಬೇಸರಪಡಬಾರದು. ಉದುರಿದ ಬೀಜ ಮತ್ತೆ ಎದ್ದು ನೆಲ ತುಂಬಿದ ಮೇಲೆ, ಮೂರನೆಯ ವರ್ಷದಿಂದ, ಗೊಬ್ಬರ ಮಳೆ ಎರಡೂ ಸರಿಯಿದ್ದ ಹೊಲದಲ್ಲಿ ಹೆಕ್ಟೇರಿಗೆ 30ರಿಂದ 35 ಟನ್, ಅಂದರೆ ಎಕರೆಗೆ 12ರಿಂದ 14 ಟನ್ ಹಸಿಮೇವು ಸಿಗುತ್ತದೆ. ಗರಸು ಬದುವಿನಿಂದ ಅದನ್ನು ನಿರೀಕ್ಷಿಸುವಂತಿಲ್ಲ.

ಮೇವಿನ ಒಣತೂಕದಲ್ಲಿ ಸಸಾರಜನಕ, ಅಂದರೆ ಪ್ರೋಟೀನ್, ಸಾಮಾನ್ಯವಾಗಿ ಶೇಕಡಾ 12ರಿಂದ 18. ಇದರ ಬೆಲೆ ತಿಳಿಯುವುದು ರಾಗಿ ಹುಲ್ಲಿನ ಪಕ್ಕದಲ್ಲಿಟ್ಟಾಗ. ರಾಗಿ ಹುಲ್ಲಿನಲ್ಲಿ ಸಸಾರಜನಕ ಶೇಕಡಾ ಮೂರೂವರೆಯ ಆಸುಪಾಸು. ಮೇವಿನಲ್ಲಿ ಒಟ್ಟಾರೆ ಶೇಕಡಾ 7ರಷ್ಟಾದರೂ ಇಲ್ಲದಿದ್ದರೆ ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಸೊರಗಿ, ತಿಂದ ಹುಲ್ಲೂ ಸರಿಯಾಗಿ ಅರಗುವುದಿಲ್ಲ. ದಿನಕ್ಕೆ ಒಂಬತ್ತು ಕಿಲೋ ಒಣಮೇವು ತಿನ್ನುವ ಹಸುವಿಗೆ ಆರು ಕಿಲೋ ರಾಗಿ ಹುಲ್ಲು, ಮೂರು ಕಿಲೋ ಒಣ ಸ್ಟೈಲೋ ಕೊಟ್ಟರೆ, ಸ್ಟೈಲೋದಲ್ಲಿ ಶೇಕಡಾ 14 ಎಂದು ಹಿಡಿದರೂ ಒಟ್ಟು ಸರಾಸರಿ ಸರಿಯಾಗಿ 7ಕ್ಕೆ ಬಂದು ನಿಲ್ಲುತ್ತದೆ. ಮೂರು ಕಿಲೋ ಒಣ ಸ್ಟೈಲೋ ಎಂದರೆ ಹಸಿಯಾಗಿ ಸುಮಾರು ಹನ್ನೆರಡು ಕಿಲೋ. ಇದು ಹಸು ತನ್ನನ್ನು ತಾನು ಕಾಪಾಡಿಕೊಳ್ಳುವ ಮಟ್ಟದ ಲೆಕ್ಕ. ಹಾಲಿನ ಪ್ರಮಾಣಕ್ಕೆ ತಕ್ಕ ಹಿಂಡಿಯನ್ನು ಬೇರೆಯಾಗಿಯೇ ಕೊಡಬೇಕು.

ಹೊಸದಾಗಿ ರೂಢಿ ಮಾಡಿಸುವಾಗ ಕೊಯ್ದ ಸ್ಟೈಲೋವನ್ನು ಅರ್ಧ ದಿನ ನೆರಳಿನಲ್ಲಿ ಬಾಡಿಸಿ, ಸಣ್ಣಗೆ ಕತ್ತರಿಸಿ, ಹುಲ್ಲಿನೊಂದಿಗೆ ಬೆರೆಸಿ ಹಾಕಬೇಕು. ವಾರದಲ್ಲಿ ಒಗ್ಗುತ್ತದೆ. ಕುದುರೆಮಸಾಲೆಯಂತೆ ಇದು ಹೊಟ್ಟೆಯುಬ್ಬರ ತರುವುದಿಲ್ಲ. ಒಣಗಿಸಿ ಇಡುವುದಾದರೆ ಎಲೆ ಉದುರದಂತೆ ನೋಡಿಕೊಳ್ಳುವುದೇ ಮುಖ್ಯ, ಸತ್ವವೆಲ್ಲ ಎಲೆಯಲ್ಲಿದೆ. ಎರಡು ದಿನದ ಬಿಸಿಲು ಸಾಕು, ಮಗುಚುವುದು ಬೆಳಗಿನ ಇಬ್ಬನಿ ಆರುವ ಮುನ್ನವೇ ಆಗಬೇಕು. ಉದುರಿದ ಎಲೆಯ ಪುಡಿಯನ್ನು ಕೋಳಿಗಳಿಗೆ ಹಾಕಿದರೆ ಮೊಟ್ಟೆಯ ಹಳದಿ ಗಾಢವಾಗುತ್ತದೆ.

ಹಂತ 8: ರೋಗದ ಕಡೆ ಒಂದು ಕಣ್ಣು

ಸ್ಟೈಲೋಗೆ ಬರುವ ದೊಡ್ಡ ರೋಗ ಒಂದೇ, ಚಿಬ್ಬು ರೋಗ. ಎಲೆಯ ಮೇಲೆ ನಡುವೆ ಬೂದಿ ಬಣ್ಣದ, ಸುತ್ತ ಕಪ್ಪಂಚಿನ ಚುಕ್ಕೆಗಳು ಮೂಡಿ, ಕಾಂಡಕ್ಕೂ ಹಬ್ಬಿ, ಎಲೆ ಉದುರುತ್ತದೆ. ಆಸ್ಟ್ರೇಲಿಯಾದ ಟೌನ್ಸ್‌ವಿಲ್ ಸುತ್ತಮುತ್ತ ಆಕಸ್ಮಿಕವಾಗಿ ಬಂದು ಸೇರಿದ್ದ ಹ್ಯೂಮಿಲಿಸ್ ಎಂಬ ಸ್ಟೈಲೋವನ್ನು ಅಲ್ಲಿನವರು ವಿಶಾಲವಾದ ಗೋಮಾಳಗಳಿಗೆ ಹರಡಿದ್ದರು. 1970ರ ದಶಕದಲ್ಲಿ ಈ ರೋಗ ಬಂದು ಅದನ್ನು ಬಹುಮಟ್ಟಿಗೆ ಅಳಿಸಿಹಾಕಿತು. ಹಮಾಟಾದ ವೆರಾನೋ, ಸ್ಕೇಬ್ರಾದ ಸೀಕಾ ತಳಿಗಳು ಮುನ್ನೆಲೆಗೆ ಬಂದದ್ದು ಆ ಜಾಗವನ್ನು ತುಂಬಲೆಂದೇ. ಒಂದೇ ತಳಿಯನ್ನು ಎಕರೆಗಟ್ಟಲೆ ಹಾಕುವವರು ಈ ಕಥೆಯನ್ನು ಮರೆಯಬಾರದು. ನಾನು ಮೂರು ಪಾಲು ಹಮಾಟಾಗೆ ಒಂದು ಪಾಲು ಸ್ಕೇಬ್ರಾ ಬೆರೆಸಿಯೇ ಬಿತ್ತುತ್ತೇನೆ. ಮೇವಿನ ಬೆಳೆಗೆ ಔಷಧಿ ಹೊಡೆಯುವುದು ಲಾಭದ ಮಾತಲ್ಲ. ರೋಗ ಕಂಡ ಕೂಡಲೇ ಕೊಯ್ದು ಮೇವಿಗೆ ಬಳಸಿ, ಗಾಳಿಯಾಡುವಂತೆ ಮಾಡಿದರೆ ಹೊಸ ಚಿಗುರು ಬಹುತೇಕ ಶುದ್ಧವಾಗಿ ಬರುತ್ತದೆ.

ಹಂತ 9: ಬೀಜ ಉಳಿಸಿಕೊಳ್ಳುವುದು

ಮೊದಲ ಎರಡು ವರ್ಷ ಅಕ್ಟೋಬರ್ ನಂತರ ಒಂದಿಷ್ಟು ಗಿಡಗಳನ್ನಾದರೂ ಕೊಯ್ಯದೆ, ಮೇಯಿಸದೆ ಬಿಡಬೇಕು. ಹೂವು ಒಂದೇ ಸಲಕ್ಕೆ ಬಿಡುವುದಿಲ್ಲವಾದ್ದರಿಂದ ಕಾಯಿಯೂ ಒಂದೇ ಸಲಕ್ಕೆ ಬಲಿಯುವುದಿಲ್ಲ. ಒಂದೇ ತೆನೆಯಲ್ಲಿ ಹೂವು, ಹಸಿಕಾಯಿ, ಉದುರಲು ನಿಂತ ಕಾಯಿ ಮೂರೂ ಇರುತ್ತವೆ. ಬೀಜ ಗಿಡದಲ್ಲಿ ಸಿಗುವುದಕ್ಕಿಂತ ನೆಲದಲ್ಲಿ ಸಿಗುವುದೇ ಹೆಚ್ಚು. ಬೀಜಕ್ಕೆಂದು ಬಿಡುವ ತಾಕನ್ನು ನವೆಂಬರ್‌ನಲ್ಲೇ ಕಳೆ ತೆಗೆದು, ಕಲ್ಲು ಆರಿಸಿ, ಕಣದಂತೆ ಗಟ್ಟಿ ಮಾಡಿಟ್ಟುಕೊಂಡರೆ ಜನವರಿಯಲ್ಲಿ ಗಿಡ ಒಣಗಿದಾಗ ಬುಡ ಕೊಯ್ದು, ಕೋಲಿನಿಂದ ಬಡಿದು ಪಕ್ಕಕ್ಕೆ ಹಾಕಿ, ನೆಲವನ್ನು ಕಡ್ಡಿಪೊರಕೆಯಿಂದ ಗುಡಿಸಬಹುದು. ಗುಡಿಸಿದ್ದನ್ನು ಮೊದಲು ರಾಗಿ ಜರಡಿಯಲ್ಲಿ, ಆಮೇಲೆ ಮೊರದಲ್ಲಿ ಹಸನು ಮಾಡಬೇಕು. ಗಾಳಿಗೆ ತೂರಿದರೆ ಜೊಳ್ಳು ಹೋಗುತ್ತದೆ, ಗರಸು ಹೋಗುವುದಿಲ್ಲ. ಅದಕ್ಕೆ ಮೊರವೇ ಬೇಕು, ಮೊರ ಹಿಡಿದು ಪಳಗಿದ ಕೈಯೇ ಬೇಕು.

ಮಾವಿನ ತೋಪಿನಲ್ಲೋ ಗೋಮಾಳದಲ್ಲೋ ಗುಡಿಸುವ ತಾಪತ್ರಯವೇ ಬೇಡ. ಬೀಜ ಬಲಿತ ತಾಕಿನಲ್ಲಿ ದನಗಳನ್ನು ಒಂದೆರಡು ದಿನ ಮೇಯಿಸಿ, ಮರುದಿನಗಳಲ್ಲಿ ಹೊಸ ಜಾಗದಲ್ಲಿ ತರುಬಿದರೆ ಸಗಣಿಯೊಂದಿಗೆ ಬೀಜವೂ ಬೀಳುತ್ತದೆ. ಗಟ್ಟಿ ಕವಚದ ಬೀಜದಲ್ಲಿ ಒಂದು ಪಾಲು ಹೊಟ್ಟೆಯನ್ನು ದಾಟಿಯೂ ಜೀವಂತವಾಗಿರುತ್ತದೆ, ಗೊಬ್ಬರವೂ ಅದರ ಜೊತೆಗೇ ಬಿದ್ದಿರುತ್ತದೆ. ಕುರಿ ಮಂದೆ ಹೋದ ದಾರಿಯುದ್ದಕ್ಕೂ ಹಮಾಟಾ ಎದ್ದಿರುವುದನ್ನು ನಾನು ಕಂಡಿದ್ದೇನೆ. ಕೆಲವು ಹಿಕ್ಕೆಯಲ್ಲಿ ಬಂದವಾದರೆ ಇನ್ನು ಕೆಲವು ತುಪ್ಪಟಕ್ಕೆ ಕೊಕ್ಕೆ ಹಾಕಿಕೊಂಡು ಬಂದವು.

ಗುಡಿಸಿ ತೆಗೆದ ಬೀಜವನ್ನು ಎರಡು ದಿನ ಒಣಗಿಸಿ, ಬಟ್ಟೆ ಚೀಲದಲ್ಲಿ ತುಂಬಿ, ಬೇವಿನ ಸೊಪ್ಪಿನೊಂದಿಗೆ ಅಟ್ಟದ ಮೇಲಿಡಬಹುದು. ಹೊಸ ಬೀಜಕ್ಕೆ ಕೆಲವು ತಿಂಗಳ ನಿದ್ದೆ ಹೆಚ್ಚೇ ಇರುವುದರಿಂದ ಜನವರಿಯಲ್ಲಿ ತೆಗೆದದ್ದನ್ನು ಜೂನ್‌ವರೆಗೆ ಮುಟ್ಟಬೇಕಾಗಿಲ್ಲ. ಚೀಲದ ಮೇಲೆ ವರ್ಷ ಬರೆದಿಟ್ಟು, ಹಳೆಯ ಚೀಲವನ್ನು ಮೊದಲು ಬಿಚ್ಚಬೇಕು. ಬಿಚ್ಚುವಾಗೆಲ್ಲ ನೂರು ಬೀಜದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಕೊಂಡೇ ಬಿತ್ತನೆಯ ಪ್ರಮಾಣವನ್ನು ಗೊತ್ತುಮಾಡಬೇಕು.